ಜೂಜಿನ ಅಜ್ಜಿ, ಚದುರಂಗದ ಸೆರೆಯಾಳು

ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸುವ ನಾವು ಚದುರಂಗವನ್ನು ಬುದ್ಧಿಯ ಆಟವೆಂದು ಮಕ್ಕಳ ಕೈಗೆ ಕೊಡುತ್ತೇವೆ. ನನ್ನ ಮೊಮ್ಮಗನೂ ಕಲಿಯುತ್ತಿದ್ದಾನೆ. ಎರಡು ಪರದೇಶದ ಕೃತಿಗಳನ್ನು ಒಟ್ಟಿಗೆ ಓದಿದ ಬಳಿಕ ಇವುಗಳ ನಡುವಣ ಗೆರೆ ನನಗೆ ಮೊದಲಿನಷ್ಟು ಸ್ಪಷ್ಟವಾಗಿ ಉಳಿದಿಲ್ಲ.

ದಸ್ತಯೆವ್‌ಸ್ಕಿ ತನ್ನ 'ಜೂಜುಗಾರ'ವನ್ನು ೧೮೬೬ರಲ್ಲಿ, ಪ್ರಕಾಶಕನ ಕಠಿಣ ಕರಾರಿಗೆ ಸಿಲುಕಿ, ೨೬ ದಿನಗಳಲ್ಲಿ ಹೇಳಿ ಬರೆಸಿದನು. ಅದರ ಅಜ್ಜಿ ರೂಲೆಟ್ ಚಕ್ರದ ಸೊನ್ನೆಯ ಮೇಲೆ ಹಣವಿಟ್ಟು ಗೆಲ್ಲುತ್ತಾಳೆ. ಆ ಗೆಲುವಿನ ರುಚಿಗೆ ಮರುದಿನವೂ ಹೋಗಿ ತಂದುದನ್ನೆಲ್ಲ ಕಳೆಯುತ್ತಾಳೆ. ಒಂದು ಸೊನ್ನೆಯ ಚಕ್ರದಲ್ಲಿ ಮನೆಗಳು ೩೭, ಗೆದ್ದವನಿಗೆ ಸಿಗುವುದು ೩೫ ಪಟ್ಟು. ಲೆಕ್ಕ ಬಲ್ಲ ಯಾವ ವರ್ತಕನೂ ಈ ವ್ಯಾಪಾರಕ್ಕೆ ಇಳಿಯಲಾರ. ಆದರೆ ಇದನ್ನು ಬರೆದವನೇ ೧೮೭೧ರವರೆಗೆ ಜೂಜಾಡಿದನು!

ಸ್ಟೆಫಾನ್ ಜ್ವೈಗ್‌ನ ಚದುರಂಗದ ಕಥೆಯಲ್ಲಿ (೧೯೪೨) ಅದೃಷ್ಟಕ್ಕೆ ಎಡೆಯೇ ಇಲ್ಲ. ನಾತ್ಸಿಗಳ ಏಕಾಂತ ಸೆರೆಯಲ್ಲಿ ಡಾ. ಬಿ. ಕದ್ದ ಪುಸ್ತಕವೊಂದರ ೧೫೦ ಪಂದ್ಯಗಳನ್ನು ಕಂಠಸ್ಥಗೊಳಿಸಿ, ಅವು ಸವೆದ ಮೇಲೆ ತನ್ನ ವಿರುದ್ಧ ತಾನೇ ಆಡಿ ಬುದ್ಧಿಭ್ರಮಣೆಗೆ ಒಳಗಾಗುತ್ತಾನೆ. ಮೊದಲು ಅವನನ್ನು ಉಳಿಸಿದ್ದೂ ಆ ಆಟವೇ ಎಂಬುದನ್ನು ಜ್ವೈಗ್ ಮರೆಮಾಚುವುದಿಲ್ಲ. ಅದು ಕೃತಿಯ ಪ್ರಾಮಾಣಿಕತೆ. ವಿಶ್ವಚಾಂಪಿಯನ್ ಚೆಂಟೋವಿಚ್‌ನನ್ನು ಮಾತ್ರ ಹಣದಾಸೆಯ ಜಡನಾಗಿ ಚಿತ್ರಿಸಿದ್ದು ನನಗೆ ಅನ್ಯಾಯವೆನಿಸಿತು. ಪಂದ್ಯಕ್ಕೆ ೨೫೦ ಡಾಲರ್ ಕೇಳುವ ಅವನು ಆಟ ಮುಗಿದಾಗ ಎದ್ದು ಹೋಗಬಲ್ಲ. ಡಾ. ಬಿ.ಯನ್ನೋ, ನಿರೂಪಕನೇ ತೋಳು ಹಿಡಿದು ಎಚ್ಚರಿಸಬೇಕಾಯಿತು.