ಕಚೇರಿಯ ಅಧಿಕಾರಮೂಲಗಳು: ಶಾನುಭೋಗಿಕೆಯ ದೃಷ್ಟಿಯಿಂದ ಒಂದು ವಿಮರ್ಶೆ

ಉದ್ಯೋಗಸ್ಥಳದಲ್ಲಿ ಒಬ್ಬನ ಮಾತು ಮತ್ತೊಬ್ಬನ ಮೇಲೆ ನಡೆಯುವುದು ಯಾವ ಬಲದಿಂದ? ಈ ಪ್ರಶ್ನೆಗೆ ವಿದ್ವಾಂಸರು ಇಂದಿಗೂ ಮುಂದಿಡುವ ಉತ್ತರ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಫ್ರೆಂಚ್ ಮತ್ತು ಬರ್ಟ್ರಮ್ ರೇವನ್ ಅವರದು. ಡಾರ್ವಿನ್ ಕಾರ್ಟ್‌ರೈಟ್ ಸಂಪಾದಿಸಿದ 1959ರ ಸಂಕಲನವೊಂದರಲ್ಲಿ ಅವರು ಅಧಿಕಾರಕ್ಕೆ ಐದು ಮೂಲಗಳನ್ನು ಹೇಳಿದರು: ಪ್ರತಿಫಲ ಕೊಡುವ ಶಕ್ತಿ, ದಂಡಿಸುವ ಶಕ್ತಿ, ಪದವಿಯಿಂದ ಬರುವ ನ್ಯಾಯಸಮ್ಮತ ಹಕ್ಕು, ಮೆಚ್ಚುಗೆಯಿಂದ ಹುಟ್ಟುವ ಆಕರ್ಷಣೆ ಮತ್ತು ಪರಿಣತಿ. 1965ರಲ್ಲಿ ರೇವನ್ ಮಾಹಿತಿಯನ್ನು ಆರನೆಯದಾಗಿ ಸೇರಿಸಿದರು. ಈ ವಿಂಗಡಣೆ ನಮ್ಮ ಕಂದಾಯಾಡಳಿತದ ಚರಿತ್ರೆಗೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಂಗಡಣೆಯ ಪ್ರಯೋಜನ ನಿರ್ವಿವಾದ. ಪದವಿಯೊಂದೇ ಅಧಿಕಾರವೆಂಬ ಸ್ಥೂಲ ಭಾವನೆಯನ್ನು ಅದು ಒಡೆಯಿತು. ಹಳೆಯ ಮೈಸೂರಿನ ಅಮಲ್ದಾರನಲ್ಲಿ ಪದವಿಯ ಹಕ್ಕೂ ದಂಡನಶಕ್ತಿಯೂ ಕೂಡಿದ್ದುವು. ಗ್ರಾಮದ ಪಟೇಲನಲ್ಲಿ ಅವುಗಳ ಅಂಶವೊಂದರ ಜೊತೆಗೆ ಊರಿನ ಮನ್ನಣೆಯೂ ಇತ್ತು. ಆದರೆ ಶಾನುಭೋಗನ ಬಳಿಗೆ ಬಂದಾಗ ತೊಡಕು ತಲೆದೋರುತ್ತದೆ. ಅಮಲ್ದಾರನಿಗೆ ಅವನು ಅಧೀನ. ದಂಡಿಸುವುದಾಗಲಿ ಬಹುಮಾನಿಸುವುದಾಗಲಿ ಅವನ ಕೈಯಲ್ಲಿರಲಿಲ್ಲ. ಆದರೂ ವರ್ಗವಾಗಿ ಬಂದ ಅಮಲ್ದಾರನಿಗೆ ಯಾವ ಜಮೀನು ಯಾರದು, ಎಷ್ಟು ಬಾಕಿ ಎಂಬುದನ್ನು ತಿಳಿಯಲು ಅವನ ಲೆಕ್ಕವೇ ಆಧಾರವಾಗಿತ್ತು.

ಇದನ್ನು ಪರಿಣತಿಯೆನ್ನೋಣವೇ? ಅಕ್ಷರ, ಗಣಿತಗಳನ್ನು ಬಲ್ಲವರು ಕಚೇರಿಯಲ್ಲಿ ಇತರರೂ ಇದ್ದರು. ಇವನನ್ನು ಅವರಿಂದ ಪ್ರತ್ಯೇಕಿಸಿದುದು ಲೆಕ್ಕದ ವಶ. ಅದು ವಂಶಪರಂಪರೆಯಾಗಿ ಅವನ ಮನೆಯಲ್ಲಿ ಉಳಿಯುತ್ತಿತ್ತು. ಕಡತದ ಸ್ವರೂಪವನ್ನೇ ನೋಡಬಹುದು: ಬಟ್ಟೆಗೆ ಅಂಟು ಮತ್ತು ಇದ್ದಿಲಪುಡಿಯನ್ನು ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿ, ಹಲಗೆಯ ಮೇಲಿನ ಬರಹದಂತೆ ಇದನ್ನು ಅಳಿಸಿ ಮತ್ತೆ ಬರೆಯಬಹುದೆಂದು ತಿಳಿಸಿದ್ದಾನೆ. ಅಳಿಸಬಹುದಾದ ಬರಹಕ್ಕೆ ಪ್ರತಿಯಿಲ್ಲದಿದ್ದಾಗ ಅದನ್ನು ಇಟ್ಟುಕೊಂಡವನ ಮಾತೇ ಪ್ರಮಾಣ.

ಹಾಗಾದರೆ ಮಾಹಿತಿಯೆಂಬ ಆರನೆಯ ಮೂಲ ಸಾಲದೇ ಎಂದು ಕೇಳಬಹುದು. ರೇವನ್ನರ ಅಭಿಪ್ರಾಯದಲ್ಲಿ ಮಾಹಿತಿಯ ಪ್ರಭಾವವೆಂದರೆ ತಿಳಿಸಿದ ವಿಷಯದ ಯುಕ್ತತೆಯಿಂದಲೇ ಕೇಳಿದವನ ಮನಸ್ಸು ತಿರುಗುವುದು. ತಿಳಿಸಿದವನು ಯಾರೆಂಬುದು ಅಲ್ಲಿ ಗೌಣ. ಶಾನುಭೋಗನ ವಿಷಯ ಇದಕ್ಕೆ ತೀರ ವಿಪರೀತ. ತಿಳಿಸಿದುದಕ್ಕಿಂತ ತಿಳಿಸದೆ ಉಳಿಸಿಕೊಂಡುದರಲ್ಲಿ ಅವನ ಬಲವಿತ್ತು. ತಡೆಹಿಡಿಯುವುದೂ ದಂಡನೆಯೇ ಎಂಬ ಸಮಾಧಾನವೂ ನಿಲ್ಲದು; ಬೆದರಿಕೆಯ ಒಂದು ಮಾತೂ ಇಲ್ಲದೆ, ಓದಲಾರದ ರೈತನು ಅವನ ಜಗುಲಿಯಲ್ಲಿ ಕಾದು ಕುಳಿತಿರಬೇಕಾಗಿತ್ತು.

ಚರಿತ್ರೆಯ ಮುಂದಿನ ಗತಿ ಈ ಅಭಿಪ್ರಾಯವನ್ನು ಸಮರ್ಥಿಸುತ್ತದೆ. 1863ರಲ್ಲಿ ಮೈಸೂರಿನಲ್ಲಿ ಭೂಮಾಪನ ಆರಂಭವಾಗಿ ಹೊಲಗಳಿಗೆ ಸರ್ವೆ ನಂಬರು ಬಂದಾಗ ಶಾನುಭೋಗನ ವಿದ್ಯೆಯೇನೂ ಕುಂದಲಿಲ್ಲ. ಅವನ ಲೆಕ್ಕಕ್ಕೆ ಎದುರು ನಿಲ್ಲುವ ಮತ್ತೊಂದು ಲೆಕ್ಕ ಸರ್ಕಾರದಲ್ಲಿ ಹುಟ್ಟಿತು. ವಂಶಪರಂಪರೆಯ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಶಾಸನ 1963ರಲ್ಲಿ ಜಾರಿಗೆ ಬಂದಿತು. ಆದರೂ ಪಹಣಿ ಗ್ರಾಮಲೆಕ್ಕಿಗನ ಕೈಬರಹದಲ್ಲಿಯೇ ಮುಂದುವರಿದುದರಿಂದ, ಹುದ್ದೆಯ ಹೆಸರು ಬದಲಾದರೂ ರೈತನ ಕಾಯುವಿಕೆ ಮುಗಿಯಲಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆ ತಾಲೂಕು ಕೇಂದ್ರಗಳಲ್ಲಿ ಅವನ್ನು ದೊರಕಿಸಿದಾಗ ಮುರಿದುದು ಈ ವಶವೇ. ಅಂದಮಾತ್ರಕ್ಕೆ ವಶದ ಪ್ರಶ್ನೆ ತೀರಿತೆನ್ನಲಾಗದು. ದಾಖಲೆಯನ್ನು ತಿದ್ದುವ ಅಧಿಕಾರ ಯಾರಲ್ಲಿದೆಯೋ ಅಲ್ಲಿಗೆ ಆ ಬಲವೂ ಸರಿಯುತ್ತದೆ.

ಎಲ್ಲ ಶಾನುಭೋಗರೂ ವಂಚಕರೆಂದು ಇದರಿಂದ ಊಹಿಸಕೂಡದು. ಪ್ರಾಮಾಣಿಕನಾದವನಿಗೂ ಇದೇ ಬಲವಿತ್ತು; ಅದು ಶೀಲದ ಮಾತಲ್ಲ, ವ್ಯವಸ್ಥೆಯ ಮಾತು. ಆದಕಾರಣ ಮೇಲಿನ ಆರು ಮೂಲಗಳಿಗೆ ದಾಖಲೆಯ ವಶವನ್ನು ಏಳನೆಯದಾಗಿ ಸೇರಿಸುವುದು ಯುಕ್ತವೆಂದು ನಮ್ಮ ಮತ. ಈ ವಿಚಾರ ಮನಶ್ಶಾಸ್ತ್ರಕ್ಕಷ್ಟೇ ಸಂಬಂಧಿಸಿದುದಲ್ಲ. ಗ್ರಾಮಚರಿತ್ರೆಯನ್ನು ಬರೆಯಲು ನಾವು ಆಶ್ರಯಿಸುವ ಕಡತಗಳು ಅಂಥ ವಶದಲ್ಲಿಯೇ ಬೆಳೆದವು. ಅವುಗಳಲ್ಲಿ ಏನು ಬರೆದಿದೆಯೆಂಬುದರ ಜೊತೆಗೆ, ಅವು ಯಾರ ಮನೆಯಲ್ಲಿದ್ದುವು, ಅವನ್ನು ಪರೀಕ್ಷಿಸಬಲ್ಲವರು ಯಾರಿದ್ದರು ಎಂಬುದನ್ನೂ ಸಂಶೋಧಕನು ಮೊದಲು ವಿಚಾರಿಸತಕ್ಕದ್ದು.