ಕ್ವಾಂಟಂ ಅನೀಲಿಂಗಿನಲ್ಲಿ ವಿರಾಮದ ಬೆಲೆ

ಅಡ್ಡ ಕಾಂತಕ್ಷೇತ್ರದ ನೆರವಿದ್ದರೆ ಶಕ್ತಿಯ ಎತ್ತರವಾದ, ಆದರೆ ತೆಳುವಾದ ಗೋಡೆಗಳನ್ನು ಸ್ಪಿನ್‌ಗಳ (ಕಣಗಳ ಕಿರುಕಾಂತಗಳ) ವ್ಯವಸ್ಥೆಯೊಂದು ಏರದೆಯೇ ಭೇದಿಸಿ ದಾಟಬಲ್ಲುದೆಂಬ ವಿಚಾರವನ್ನು 1989ರಲ್ಲಿ ಕಲಕತ್ತೆಯ ಬಿಕಾಸ್ ಚಕ್ರವರ್ತಿಯವರೂ ಅವರ ಸಹಚರರೂ ಮುಂದಿಟ್ಟರು. 1998ರಲ್ಲಿ ಟೋಕಿಯೋದ ಕಡೊವಾಕಿ ಮತ್ತು ನಿಶಿಮೊರಿ ಅದನ್ನು ಕ್ವಾಂಟಂ ಅನೀಲಿಂಗ್ ಎಂಬ ಗಣನೆಯ ಕ್ರಮವಾಗಿ ರೂಪಿಸಿದರು. ಸಿದ್ಧಾಂತ ಸುಂದರವಾದುದೇ ಸರಿ. ಆದರೆ ಅದನ್ನು ನಡೆಸುವ ಯಂತ್ರವು, ಸಮಸ್ಯೆಯ ಉತ್ತರವನ್ನು ಸೂಚಿಸುವ ನಿಮ್ನತಮ ಶಕ್ತಿಸ್ಥಿತಿಯನ್ನು ಎಷ್ಟು ಸಲಕ್ಕೊಮ್ಮೆ ಮುಟ್ಟುವುದೆಂಬುದರಿಂದಲೇ ಅದರ ಯೋಗ್ಯತೆಯನ್ನು ಅಳೆಯಬೇಕಾಗಿದೆ.

ಅಡ್ಡ ಕಾಂತಕ್ಷೇತ್ರವನ್ನು ಕ್ರಮೇಣ ತಗ್ಗಿಸುತ್ತ ಹೋದಂತೆ ನಿಮ್ನತಮ ಸ್ಥಿತಿಗೂ ಅದರ ಮೇಲಣ ಸ್ಥಿತಿಗೂ ನಡುವಣ ಅಂತರವು ಒಂದೆಡೆ ಅತ್ಯಂತ ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ಅವಸರಪಟ್ಟರೆ ವ್ಯವಸ್ಥೆ ಮೇಲಕ್ಕೆ ಜಿಗಿದು ದಾರಿತಪ್ಪುತ್ತದೆ. ಕಠಿಣ ಸಮಸ್ಯೆಗಳಲ್ಲಿ ಗಾತ್ರ ಬೆಳೆದಂತೆ ಈ ಅಂತರ ಘಾತೀಯವಾಗಿ ಕುಗ್ಗಬಲ್ಲುದಾದುದರಿಂದ, ಇಡೀ ಪಯಣವನ್ನೇ ನಿಧಾನಗೊಳಿಸುವ ಉಪಾಯ ಹೆಚ್ಚು ದೂರ ಸಾಗದು.

ಈ ತೊಡಕಿಗೆ ಮಾರ್ಷಲ್, ವೆಂಚುರೆಲ್ಲಿ, ಹೆನ್ ಮತ್ತು ರೀಫೆಲ್ 2019ರಲ್ಲಿ ಪ್ರಕಟಿಸಿದ ಪರಿಹಾರವು ನನ್ನ ದೃಷ್ಟಿಯಲ್ಲಿ ಈ ಸಂಶೋಧನಾಕ್ಷೇತ್ರದ ಅತ್ಯಂತ ವಿವೇಕಯುತವಾದ ಕಾರ್ಯಗಳಲ್ಲೊಂದು. ಡಿ-ವೇವ್ ಸಂಸ್ಥೆಯ ಕ್ವಾಂಟಂ ಅನೀಲಿಂಗ್ ಯಂತ್ರದಲ್ಲಿ ಅವರು ಇಕ್ಕಟ್ಟು ಕಳೆದ ತುಸು ಅನಂತರ ಪ್ರಕ್ರಿಯೆಯನ್ನು ಕ್ಷಣಕಾಲ ತಡೆದು ನಿಲ್ಲಿಸಿದರು. ಮೇಲಕ್ಕೆ ಜಿಗಿದಿದ್ದ ವ್ಯವಸ್ಥೆ, ಪರಿಸರದ ಉಷ್ಣದೊಡನೆ ವ್ಯವಹರಿಸುತ್ತ, ಆ ಬಿಡುವಿನಲ್ಲಿ ಮತ್ತೆ ಕೆಳಗಿಳಿಯಿತು. ಯಶಸ್ಸಿನ ಸಂಭವನೀಯತೆ ಕೆಲವು ಸಮಸ್ಯೆಗಳಲ್ಲಿ ನೂರ್ಮಡಿಗೂ ಮೀರಿ ಏರಿತು. ಶತ್ರುವೆಂದು ಬಗೆದಿದ್ದ ಉಷ್ಣವನ್ನೇ ಸಹಾಯಕನನ್ನಾಗಿ ಮಾಡಿಕೊಂಡುದು ಇಲ್ಲಿಯ ಹಿರಿಮೆ. 2014ರಲ್ಲಿ ಪುಡೆನ್ಜ್, ಆಲ್ಬಾಶ್ ಮತ್ತು ಲೈಡಾರ್ ತೋರಿದ ದೋಷನಿವಾರಣೆಯ ಮಾರ್ಗವೂ ಫಲಪ್ರದವೇ. ಆದರೆ ಒಂದು ತಾರ್ಕಿಕ ಕ್ಯೂಬಿಟ್ಟಿಗೆ (ಕ್ವಾಂಟಂ ಮಾಹಿತಿಯ ಘಟಕಕ್ಕೆ) ಹಲವು ಭೌತಿಕ ಕ್ಯೂಬಿಟ್ಟುಗಳನ್ನು ತೆರಬೇಕಾದ ಅದಕ್ಕೆ ಹೋಲಿಸಿದರೆ, ವಿರಾಮವು ಯಂತ್ರದಿಂದ ಕಾಲವನ್ನಲ್ಲದೆ ಬೇರೇನನ್ನೂ ಬೇಡದು.

ಆ ಕಾಲವನ್ನಾದರೋ ಪ್ರಾಮಾಣಿಕವಾಗಿ ಎಣಿಸಲೇಬೇಕು. ಶೇಕಡಾ 99ರ ಭರವಸೆಯಿಂದ ಸರಿಯುತ್ತರ ಪಡೆಯಲು, ಯಂತ್ರದ ಪ್ರತಿ ಓಟದ ಯಶಸ್ಸು ಶೇಕಡಾ 1 ಇದ್ದಾಗ 459 ಓಟಗಳು ಬೇಕು. ಶೇಕಡಾ 10 ಆದಾಗ 44 ಸಾಕು. 20 ಮೈಕ್ರೋಸೆಕೆಂಡಿನ ಓಟಕ್ಕೆ 100 ಮೈಕ್ರೋಸೆಕೆಂಡಿನ ವಿರಾಮ ಕೂಡಿಸಿ ಈ ಏರಿಕೆ ಸಿಕ್ಕಿತೆನ್ನೋಣ: ಒಟ್ಟು ಕಾಲ 9180ರಿಂದ 5280 ಮೈಕ್ರೋಸೆಕೆಂಡಿಗೆ ಇಳಿಯಿತು, ಲಾಭವೇ. ಅದೇ ಏರಿಕೆಗೆ 200 ಮೈಕ್ರೋಸೆಕೆಂಡಿನ ವಿರಾಮ ಬೇಕಾದಲ್ಲಿ ಒಟ್ಟು 9680ಕ್ಕೆ ಏರಿ, ಹತ್ತುಮಡಿ ಯಶಸ್ಸೂ ನಷ್ಟವಾಗಿ ಪರಿಣಮಿಸುವುದು. ಮೇಲಾಗಿ ವಿರಾಮಕ್ಕೆ ತಕ್ಕ ಸ್ಥಾನವು ಕಿರಿದಾದುದು, ಸಮಸ್ಯೆಗೆ ತಕ್ಕಂತೆ ಸರಿಯಬಲ್ಲುದು. ಅದನ್ನು ಹುಡುಕುವ ಶ್ರಮವೂ ಲೆಕ್ಕಕ್ಕೆ ಸೇರತಕ್ಕದ್ದು.

ಆದುದರಿಂದ ಯಶಸ್ಸಿನ ಪ್ರಮಾಣವನ್ನು ಮಾತ್ರ ಘೋಷಿಸುವ ಪ್ರಬಂಧ ಅರ್ಧವನ್ನಷ್ಟೇ ಹೇಳಿದಂತೆ. ಉತ್ತರ ದೊರೆಯುವವರೆಗಿನ ಸಮಗ್ರ ಕಾಲವನ್ನು ಮುಂದಿಟ್ಟು ತನ್ನನ್ನು ಪರೀಕ್ಷೆಗೊಡ್ಡುವ ವಿಧಾನಕ್ಕೇ ನಾವು ಮನ್ನಣೆ ಕೊಡಬೇಕು. ಆ ಪರೀಕ್ಷೆಗೆ ನಿಲ್ಲುವ ಯೋಗ್ಯತೆ ವಿರಾಮಕ್ಕೆ ಇದೆಯೆಂದೇ, ಅದನ್ನು ಅಷ್ಟು ಕಟ್ಟುನಿಟ್ಟಾಗಿ ಅಳೆಯಬೇಕೆಂಬುದು ನನ್ನ ಆಗ್ರಹ.