ತೋಟದ ನಿರ್ಧಾರ ತೋಟದಲ್ಲೇ ಆಗಲಿ

ಸ್ಮಾರ್ಟ್ ಕೃಷಿಯ ಮಾತು ಬಂದಲ್ಲೆಲ್ಲ ಒಂದು ಅಭಿಪ್ರಾಯ ಯಾರೂ ಪ್ರಶ್ನಿಸದೆ ಓಡಾಡುತ್ತಿದೆ. ಒಂದೊಂದು ಸೆನ್ಸರಿಗೂ ಸಿಮ್ ಹಾಕಿ, ಮಾಹಿತಿಯನ್ನೆಲ್ಲ ಕ್ಲೌಡಿಗೆ ಕಳಿಸಿ, ಬುದ್ಧಿ ಅಲ್ಲಿರುತ್ತದೆ. ನಡುವಿನ ಗೇಟ್‌ವೇ ಬರೀ ಅಂಚೆಯವ, 5ಜಿ ಬಂದಮೇಲೆ ಅದೂ ಬೇಡ. ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಮಟ್ಟಿಗಂತೂ ಈ ಮಾತು ತಲೆಕೆಳಗು.

ನೀರಿಗಾಗಿ ರಾಜ್ಯವನ್ನೇ ಬದಲಿಸಲು ಹೊರಟ ನೆಲ ಇದು. ಮ್ಹೈಸಾಳ ಏತ ನೀರಾವರಿಯ ನೀರು ಕಾಣದ ಗಡಿಹಳ್ಳಿಗಳು 2012ರಲ್ಲಿ ಕರ್ನಾಟಕ ಸೇರುವ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಮತ್ತೆ ಎತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಉಮದಿ, ಸಂಖದ ಕಡೆ ದ್ರಾಕ್ಷಿ, ದಾಳಿಂಬೆ ಹಚ್ಚಿದವರಿಗೆ ಬೋರಿನ ನೀರೂ ಎಣಿಕೆಯದು, ತ್ರೀಫೇಸ್ ಕರೆಂಟೂ ಎಣಿಕೆಯದು.

ರಾತ್ರಿ ಪಾಳಿಯ ಕರೆಂಟು ಬಂತು, ಮೋಟಾರು ಶುರುವಾಯಿತು ಎನ್ನಿ. ನಡುವೆ ಬೋರು ಒಣಗಿತು. ನೀರಿನ ಭಾರ ತಪ್ಪಿದ ಮೋಟಾರು ಎಳೆಯುವ ಆಂಪ್ಸ್ ತಟ್ಟನೆ ಇಳಿಯುತ್ತದೆ. ಕೂಡಲೇ ನಿಲ್ಲಿಸದಿದ್ದರೆ ಮೋಟಾರು ಕಾದು ಸುಟ್ಟುಹೋಗುತ್ತದೆ. ಈ ಸುದ್ದಿ ದೂರದ ಸರ್ವರಿಗೆ ಮುಟ್ಟಿ, ಅಲ್ಲಿಂದ ಅಪ್ಪಣೆ ತಿರುಗಿ ಬರಬೇಕು; ಅಷ್ಟರಲ್ಲಿ ಟವರು ಕೈಕೊಟ್ಟರೆ? ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಳೆಯ ಡ್ರೈ-ರನ್ ರಿಲೇ ಇದ್ದರೆ ಅದು ಯಾರನ್ನೂ ಕೇಳದೆ ಮೋಟಾರು ನಿಲ್ಲಿಸುತ್ತದೆ. ಆ ಅಗ್ಗದ ರಿಲೇಯಲ್ಲಿರುವ ವಿವೇಕ ಇಂಟರ್ನೆಟ್ಟಿಗೆ ಜೋತುಬಿದ್ದ ದುಬಾರಿ ವ್ಯವಸ್ಥೆಯಲ್ಲಿಲ್ಲ.

ಗೇಟ್‌ವೇ ಮಾಡಬೇಕಾದದ್ದು ಇದೇ ಕೆಲಸ, ಇನ್ನೂ ದೊಡ್ಡ ಹರವಿನಲ್ಲಿ. ಬೇರಿನ ಆಳದಲ್ಲಿ ಹೂತ ತೇವಾಂಶ ಸೆನ್ಸರು ಲೋರಾ ಎಂಬ ರೇಡಿಯೋ ವಿಧಾನದಲ್ಲಿ ಮಾತಾಡುತ್ತದೆ. 865ರಿಂದ 867 ಮೆಗಾಹರ್ಟ್ಸ್ ನಮ್ಮಲ್ಲಿ ಪರವಾನಗಿ ಬೇಡದ ತರಂಗ. ಬಯಲಿನಲ್ಲಿ ಕೆಲವು ಕಿಲೋಮೀಟರ್ ಹಾಯುತ್ತದೆ, ಬ್ಯಾಟರಿ ವರ್ಷಗಟ್ಟಲೆ ತಾಳುತ್ತದೆ. ಸೆನ್ಸರಿಗೊಂದು ಸಿಮ್ ಎಂದರೆ ಬ್ಯಾಟರಿಗೂ ಭಾರ, ರಿಚಾರ್ಜಿಗೂ ಭಾರ. ಮೋಟಾರಿನ ಮೀಟರು ಮಾಡ್‌ಬಸ್ ಎಂಬ ಯಂತ್ರಭಾಷೆಯಲ್ಲಿ ಲೆಕ್ಕ ಕೊಡುತ್ತದೆ. ಇಬ್ಬರ ಮಾತನ್ನೂ ತಿಳಿದು, ಹನಿ ನೀರಾವರಿಯ ಯಾವ ವಾಲ್ವ್ ತೆರೆಯಬೇಕೆಂದು ಪಂಪ್‌ಮನೆಯಲ್ಲೇ ತೀರ್ಮಾನಿಸಿ, ಇಂಟರ್ನೆಟ್ ಸಿಕ್ಕಾಗ ದಾಖಲೆಯನ್ನು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯಲ್ಲಿ ಮೇಲಕ್ಕೆ ಕಳಿಸಬಲ್ಲದ್ದು ಗೇಟ್‌ವೇ. ಈ ಎಂಕ್ಯೂಟಿಟಿ ಹುಟ್ಟಿದ್ದೇ ಕೊರತೆಯಲ್ಲಿ: 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್, ಆರ್ಲೆನ್ ನಿಪ್ಪರ್ ಅದನ್ನು ರೂಪಿಸಿದ್ದು ದುಬಾರಿ ಉಪಗ್ರಹ ಸಂಪರ್ಕವನ್ನೇ ನೆಚ್ಚಿದ್ದ ತೈಲ ಕೊಳವೆಗಳಿಗಾಗಿ. ಸಂಪರ್ಕ ಕಡಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಅವರು ಕೆಲಸ ಶುರುಮಾಡಿದರು.

ಲೋರಾ ಜಾಲದ, ಅಂದರೆ ಲೋರಾವ್ಯಾನ್‌ನ, ಗೇಟ್‌ವೇ ಸಂದೇಶವನ್ನು ಬಿಚ್ಚಿ ನೋಡುವುದೂ ಇಲ್ಲ, ದಾಟಿಸುತ್ತದೆ ಅಷ್ಟೆ ಎಂದು ಬಲ್ಲವರು ಆಕ್ಷೇಪಿಸಬಹುದು. ನಿಜ. ಆದರೆ ಚರ್ಪ್‌ಸ್ಟ್ಯಾಕ್‌ನಂಥ ಮುಕ್ತ ತಂತ್ರಾಂಶ ಹಾಕಿದರೆ ನೆಟ್‌ವರ್ಕ್ ಸರ್ವರು ಅದೇ ಪೆಟ್ಟಿಗೆಯೊಳಗೆ ಕೂರುತ್ತದೆ. ಕಂಪನಿಗಳು ಅದನ್ನು ಮುಂದೆ ಮಾಡದಿದ್ದರೆ ಕಾರಣ ತಂತ್ರಜ್ಞಾನದ್ದಲ್ಲ, ತಿಂಗಳ ಬಾಡಿಗೆಯದ್ದು. ಕ್ಲೌಡೇ ಬೇಡವೆಂದಲ್ಲ. ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಯ ನಂತರ ಮಳೆ ಹಿಡಿದರೆ ಡೌನಿ ರೋಗ ಬರುವ ಮುನ್ಸೂಚನೆಗೆ ಹತ್ತಾರು ಊರುಗಳ ಹವಾಮಾನ ಬೇಕು, ಅದಕ್ಕೆ ಕ್ಲೌಡು ಇರಲಿ. ಲೆಕ್ಕಾಚಾರ ಅಲ್ಲಿ ಕಲಿಯಲಿ, ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಎಂದು ನೋಡಿ ಎಚ್ಚರಿಸುವ ಕೆಲಸ ಇಲ್ಲಿ ನಡೆಯಲಿ.

ಎರಡೆಕರೆಯವನು ಒಬ್ಬನೇ ಗೇಟ್‌ವೇ ಕೊಳ್ಳಬೇಕೆಂದೇನೂ ಇಲ್ಲ. ಊರಿನ ಎತ್ತರದ ನೀರಿನ ಟಾಕಿಯ ಮೇಲೆ ಒಂದು ಕೂರಿಸಿದರೆ ನೂರಾರು ಸೆನ್ಸರುಗಳ ಮಾತು ಕೇಳಿಸುತ್ತದೆ. ಸಹಕಾರಿ ಕಾರ್ಖಾನೆ ಕಟ್ಟಿದ ಸಾಂಗ್ಲಿ ಜಿಲ್ಲೆಗೆ ಇಂಥದ್ದೊಂದನ್ನು ಸೊಸೈಟಿಯ ಹೆಸರಲ್ಲಿ ನಡೆಸುವುದು ಹೊಸ ವಿದ್ಯೆಯಲ್ಲ. ಆಗ ಸಂದೇಶ ಬಿಚ್ಚುವ ಗುಪ್ತಕೀಲಿಯೂ ದಾಖಲೆಯೂ ರೈತರ ಸಂಘದ ಕೈಯಲ್ಲೇ ಉಳಿಯುತ್ತವೆ, ಬೇರೆ ಕಂಪನಿಗೆ ಬದಲಾಯಿಸಿದರೂ ಹಳೆಯ ಹಂಗಾಮಿನ ಲೆಕ್ಕ ಕಳೆಯುವುದಿಲ್ಲ.

ಮಾರಲು ಬಂದವರಿಗೆ ಜತ್ತದ ರೈತ ಒಂದೇ ಷರತ್ತು ಹಾಕಲಿ: ಸಿಮ್ ತೆಗೆದಿಡಿ, ಬೋರು ಒಣಗಿದಾಗ ಮೋಟಾರು ನಿಲ್ಲುತ್ತದೆಯೇ, ತೇವ ಆರಿದಾಗ ವಾಲ್ವ್ ತೆರೆಯುತ್ತದೆಯೇ ತೋರಿಸಿ, ದರದ ಮಾತು ಆಮೇಲೆ.